ಐಸ್‌ಲ್ಯಾಂಡಿಗೂ ಸೊಳ್ಳೆ ಬಂತು! ಅಷ್ಟಕ್ಕೂ ಅಲ್ಲಿ ಪ್ರಾಣಿಗಳು ಇಷ್ಟು ಕಡಿಮೆ ಯಾಕೆ?

ನಮ್ಮಲ್ಲಿ ಸೊಳ್ಳೆ ಸಿಗದಿದ್ದರೆ ಅದು ಸುದ್ದಿ. ಐಸ್‌ಲ್ಯಾಂಡ್‌ನಲ್ಲಿ ಉಲ್ಟಾ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಮೂರೇ ಮೂರು ಸೊಳ್ಳೆ ಸಿಕ್ಕಿದವು, ಎರಡು ಹೆಣ್ಣು, ಒಂದು ಗಂಡು. ಅಷ್ಟಕ್ಕೇ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ರಾಜಧಾನಿ ರೇಕ್ಯಾವಿಕ್‌ನಿಂದ ಉತ್ತರಕ್ಕೆ ಕ್ಯೋಸ್ ಅಂತ ಒಂದು ಹಳ್ಳಿಗಾಡು ಇದೆ. ಅಲ್ಲಿ ಹುಳಹುಪ್ಪಟೆ ನೋಡುವ ಹವ್ಯಾಸ ಇದ್ದ ಒಬ್ಬರು ಪತಂಗ ಹಿಡಿಯಲೆಂದು ಸಿಹಿ ವೈನಿನಲ್ಲಿ ಅದ್ದಿದ ಪಟ್ಟಿಯನ್ನು ತೋಟದಲ್ಲಿ ನೇತುಹಾಕಿದ್ದರು, ಒಂದು ಸಂಜೆ ಅದರ ಮೇಲೆ ಯಾವುದೋ ಹೊಸ ನೊಣ ಕೂತಂತೆ ಕಂಡಿತು, ಹಿಡಿದು ತಜ್ಞರಿಗೆ ಕಳಿಸಿದರೆ ಅದು ಸೊಳ್ಳೆ!

ಅಲ್ಲಿಯವರೆಗೆ ಸೊಳ್ಳೆಯೇ ಇಲ್ಲದ ಜಾಗ ಅಂದರೆ ಅಂಟಾರ್ಕ್ಟಿಕಾ ಮತ್ತು ಐಸ್‌ಲ್ಯಾಂಡ್ ಅಂತ ಹೇಳುವುದು ರೂಢಿಯಾಗಿತ್ತು. ಈಗ ಆ ಪಟ್ಟಿಯಿಂದ ಒಂದು ಹೆಸರು ಹೋಯಿತು.

ಸುದ್ದಿ ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ಇಷ್ಟು ದಿನ ಯಾಕೆ ಇರಲಿಲ್ಲ? ಸೊಳ್ಳೆ ಮಾತ್ರ ಅಲ್ಲ. ಐಸ್‌ಲ್ಯಾಂಡ್‌ನಲ್ಲಿ ಹಾವಿಲ್ಲ, ಕಪ್ಪೆಯಿಲ್ಲ, ಹಲ್ಲಿಯೂ ಇಲ್ಲ. ಅಳಿಲಿಲ್ಲ. ತೋಳವಿಲ್ಲ. ದೇಶ ತೀರಾ ಚಿಕ್ಕದೂ ಅಲ್ಲ. ಸುಮಾರು 1,03,000 ಚದರ ಕಿ.ಮೀ., ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜನ ಮಾತ್ರ ಕಡಿಮೆ, ನಾಲ್ಕು ಲಕ್ಷದ ಹತ್ತಿರ. ಮೈಸೂರು ನಗರದ ಅರ್ಧದಷ್ಟೂ ಇಲ್ಲ. ಇಷ್ಟು ಖಾಲಿ ಜಾಗ ಬಿದ್ದಿರುವಾಗ ಪ್ರಾಣಿಗಳಿಗೇನು ಅಡ್ಡಿ?

ಮೊದಲು ಎರಡು ಮೂರು ಪದ ತಿಳಿದುಕೊಳ್ಳೋಣ

'ಪ್ರಭೇದ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಸುಲಭವಾಗಿ ಹೇಳುವುದಾದರೆ, ತಮ್ಮತಮ್ಮಲ್ಲೇ ಕೂಡಿ ಮರಿ ಹಾಕಿ, ಆ ಮರಿಗಳೂ ಮುಂದೆ ಮರಿ ಹಾಕಬಲ್ಲ ಪ್ರಾಣಿಗಳ ಗುಂಪು ಒಂದು ಪ್ರಭೇದ. ಮುಧೋಳ ನಾಯಿಯೂ ಪಮೇರಿಯನ್ನೂ ನೋಡಲು ಎಷ್ಟೇ ಬೇರೆಯಾದರೂ ಪ್ರಭೇದ ಒಂದೇ. ಅವು ತಳಿಗಳು ಅಷ್ಟೆ. ಕುದುರೆ, ಕತ್ತೆ ಬೇರೆ ಬೇರೆ ಪ್ರಭೇದ. ಎರಡೂ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ, ಅದರ ವಂಶ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಮಾತು 'ಸ್ಥಳೀಯ'. ಮನುಷ್ಯರ ಕೈವಾಡ ಇಲ್ಲದೆ ತಾನಾಗಿ ಬಂದು ನೆಲೆಸಿದ ಪ್ರಾಣಿ ಸ್ಥಳೀಯ. ಹಡಗಿನಲ್ಲೋ ಬೋನಿನಲ್ಲೋ ನಾವು ತಂದದ್ದು ಸ್ಥಳೀಯ ಅಲ್ಲ, ಅದು ಬಂದು ಸಾವಿರ ವರ್ಷವೇ ಆಗಿರಲಿ. ಇನ್ನು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದೆ ಒಂದು ಜಾಗದಲ್ಲಿ ಮಾತ್ರ ಇರುವ ಪ್ರಾಣಿಗಳಿರುತ್ತವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಅಂಥ ಕಪ್ಪೆಗಳೇ ಎಷ್ಟೋ ಇವೆ. ಐಸ್‌ಲ್ಯಾಂಡ್‌ನಲ್ಲಿ ಅಂಥವು ಬೆರಳೆಣಿಕೆ. ಅವುಗಳ ಕತೆಗೆ ಆಮೇಲೆ ಬರೋಣ, ಚೆನ್ನಾಗಿದೆ.

ಇರುವುದು ಒಂದೇ ಒಂದು ನರಿ

ಐಸ್‌ಲ್ಯಾಂಡ್‌ನ ನೆಲದ ಮೇಲೆ ಓಡಾಡುವ ಸ್ಥಳೀಯ ಸಸ್ತನಿ, ಅಂದರೆ ಮರಿಗೆ ಹಾಲೂಡಿಸುವ ಪ್ರಾಣಿ, ಎಷ್ಟು ಬಗೆ ಗೊತ್ತಾ? ಒಂದು. ಹಿಮನರಿ. ನಮ್ಮ ಸಾಕುಬೆಕ್ಕಿಗಿಂತ ಸ್ವಲ್ಪ ದೊಡ್ಡದಿರುವ, ದಟ್ಟ ಕೂದಲಿನ ಪುಟ್ಟ ನರಿ.

ಅದು ಬಂದದ್ದು ಹಿಮಯುಗ ಮುಗಿಯುವ ಹೊತ್ತಿಗೆ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು. ಹತ್ತು ಸಾವಿರ ವರ್ಷದ ಹಿಂದಿನ ಮಾತು. ಆಮೇಲೆ ಮಂಜುಗಡ್ಡೆ ಕರಗಿತು, ಹಿಂದೆ ಹೋಗುವ ದಾರಿ ಮುಚ್ಚಿತು, ನರಿ ಅಲ್ಲೇ ಉಳಿಯಿತು.

ಇದರ ಸಂಸಾರ ಬೇರೆ ಕಡೆಯ ಹಿಮನರಿಗಳ ಹಾಗಿಲ್ಲ. ಸೈಬೀರಿಯಾ, ಸ್ಕ್ಯಾಂಡಿನೇವಿಯಾ ಕಡೆ ಇವುಗಳ ಮುಖ್ಯ ಊಟ ಲೆಮ್ಮಿಂಗ್ ಅನ್ನುವ ದಪ್ಪ ಇಲಿ. ಲೆಮ್ಮಿಂಗ್ ಜಾಸ್ತಿಯಾದ ವರ್ಷ ನರಿಮರಿಗಳೂ ಜಾಸ್ತಿ, ಕಡಿಮೆಯಾದ ವರ್ಷ ಉಪವಾಸ. ಐಸ್‌ಲ್ಯಾಂಡ್‌ಗೆ ಲೆಮ್ಮಿಂಗ್ ಬರಲೇ ಇಲ್ಲ. ಹಾಗಾಗಿ ಇಲ್ಲಿನ ನರಿ ಹಕ್ಕಿ, ಮೊಟ್ಟೆ, ಹಣ್ಣು, ಕಡಲ ದಂಡೆಗೆ ಬಂದು ಬಿದ್ದದ್ದು, ಹೀಗೆ ಸಿಕ್ಕಿದ್ದನ್ನು ತಿಂದು ಬದುಕಲು ಕಲಿತಿದೆ. ದಂಡೆಯ ನರಿಗಳಲ್ಲಿ ಬಹಳಷ್ಟು ಚಳಿಗಾಲದಲ್ಲೂ ಬಿಳಿಯಾಗುವುದಿಲ್ಲ, ವರ್ಷವಿಡೀ ಕಂದು ಬಣ್ಣದಲ್ಲೇ ಇರುತ್ತವೆ. ಕಪ್ಪು ಲಾವಾ ಬಂಡೆಯ ಮೇಲೆ ಬೆಳ್ಳಗಿದ್ದರೆ ಬಚ್ಚಿಟ್ಟುಕೊಳ್ಳೋದು ಹೇಗೆ, ಅಲ್ವಾ?

ಹಿಮಕರಡಿ ಇಲ್ವಾ ಅಂತ ಕೇಳಬಹುದು. ಇಲ್ಲ. ಆಗೊಮ್ಮೆ ಈಗೊಮ್ಮೆ ಗ್ರೀನ್‌ಲ್ಯಾಂಡ್ ಕಡೆಯಿಂದ ತೇಲುವ ಮಂಜುಗಡ್ಡೆ ಹತ್ತಿ ದಾರಿ ತಪ್ಪಿದ ಒಂದೋ ಎರಡೋ ಬಂದಿಳಿಯುತ್ತವೆ, ಆದರೆ ಅದು ಅವುಗಳ ಊರಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವಾಯವ್ಯ ಮೂಲೆಯ ಒಂದು ಮನೆಯ ಹತ್ತಿರ ಬಂದ ಕರಡಿಯನ್ನು ಪೊಲೀಸರು ಗುಂಡು ಹೊಡೆದು ಕೊಂದರು.

ಉಳಿದವೆಲ್ಲ ಹಡಗು ಹತ್ತಿ ಬಂದವು

ಒಂಬತ್ತನೇ ಶತಮಾನದ ಕೊನೆಗೆ ನಾರ್ವೆ ಕಡೆಯಿಂದ ವೈಕಿಂಗರು ಬಂದರು. ಜೊತೆಗೆ ಕುರಿ, ದನ, ಕುದುರೆ, ನಾಯಿ ತಂದರು. ಇಲಿ ತಾವೇ ಬಂದವು, ಟಿಕೆಟ್ ಇಲ್ಲದೆ. ಇವತ್ತಿನ ಐಸ್‌ಲ್ಯಾಂಡ್ ಕುದುರೆ ಆ ಕಾಲದ ಕುದುರೆಗಳದ್ದೇ ಸಂತಾನ. ಹೊರಗಿನ ಕುದುರೆ ತರುವುದನ್ನು ನಿಲ್ಲಿಸಿ ನೂರಾರು ವರ್ಷ ಆಗಿದೆ. ಇವತ್ತಿಗೂ ಅಲ್ಲಿನ ಕುದುರೆ ಸ್ಪರ್ಧೆಗೆ ಅಂತ ಒಮ್ಮೆ ಹೊರದೇಶಕ್ಕೆ ಹೋದರೆ ಮತ್ತೆ ಮನೆಗೆ ಬರುವ ಹಾಗಿಲ್ಲ. ಕಠಿಣ ಅನಿಸುತ್ತದೆ. ಆದರೆ ಸಾವಿರ ವರ್ಷ ಹೊರಗಿನ ರೋಗವೇ ನೋಡದ ಹಿಂಡಿಗೆ ಒಂದು ಜ್ವರ ತಗುಲಿದರೂ ಎಲ್ಲ ಮಲಗಿಬಿಡುತ್ತವೆ ಅನ್ನುವ ಭಯ ಅವರದ್ದು.

ಹಿಮಸಾರಂಗಗಳನ್ನು 1771ರಿಂದ 1787ರ ನಡುವೆ ನಾರ್ವೆಯಿಂದ ತಂದು ಬಿಟ್ಟರು. ಸಾಕೋಣ ಅಂತ ಲೆಕ್ಕಾಚಾರ. ಸಾಕಣೆ ನಡೆಯಲಿಲ್ಲ, ಅವು ಕಾಡುಪಾಲಾದವು. ಈಗ ದೇಶದ ಪೂರ್ವ ಭಾಗದಲ್ಲಿ ಮಾತ್ರ ಉಳಿದಿವೆ. ತಿನ್ನುವ ತೋಳ ಇಲ್ಲದ ಕಾರಣ ಪ್ರತಿವರ್ಷ ಇಷ್ಟು ಅಂತ ಗೊತ್ತುಮಾಡಿ ಬೇಟೆಗೆ ಬಿಡುತ್ತಾರೆ.

ಮಿಂಕ್ ಕತೆ ಮಾತ್ರ ಬೇಡವೇ ಬೇಡ. ಅಮೆರಿಕದ ಈ ಪ್ರಾಣಿ ಮುಂಗುಸಿ ಗಾತ್ರದ್ದು, ನೀರುನಾಯಿಯ ಹಾಗೆ ಈಜುತ್ತದೆ. ತುಪ್ಪಳಕ್ಕಾಗಿ ಸಾಕಲು 1931ರಲ್ಲಿ ತಂದರು. ಸ್ವಲ್ಪ ದಿನಕ್ಕೇ ಬೋನಿನಿಂದ ತಪ್ಪಿಸಿಕೊಂಡವು. ಕೆಲವೇ ದಶಕದಲ್ಲಿ ದೇಶದ ತುಂಬ ಹರಡಿದವು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಹತ್ತು ಸಾವಿರ ವರ್ಷ ಒಂದೇ ಶತ್ರು, ನರಿ. ಅದು ನೀರಿಗಿಳಿದು ಅಷ್ಟಾಗಿ ಬೆನ್ನಟ್ಟುವುದಿಲ್ಲ, ಸಣ್ಣ ಬಿಲಕ್ಕೆ ನುಗ್ಗುವುದಿಲ್ಲ. ಮಿಂಕ್ ಎರಡನ್ನೂ ಮಾಡುತ್ತದೆ.

ಹಾಗಾದರೆ ಯಾಕೆ ಇಷ್ಟು ಕಡಿಮೆ?

ಮುಖ್ಯ ಕಾರಣ ಚಳಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಚಳಿಯದ್ದೂ ಪಾತ್ರ ಇದೆ, ಆದರೆ ಅದೇ ದೊಡ್ಡದಲ್ಲ. ನಾರ್ವೆಯ ಉತ್ತರ ತುದಿಯಲ್ಲೂ ಭಯಂಕರ ಚಳಿ. ಅಲ್ಲಿ ಕಪ್ಪೆ ಇದೆ, ಲೆಮ್ಮಿಂಗ್ ಇದೆ, ಬೇಸಿಗೆಯಲ್ಲಿ ಸೊಳ್ಳೆಯ ಮೋಡವೇ ಏಳುತ್ತದೆ.

ನಿಜವಾದ ಕಾರಣ ಎರಡು. ಒಂದು, ಮನೆ ಪೂರ್ತಿ ಖಾಲಿಯಾಗಿತ್ತು. ಸುಮಾರು 20,000 ವರ್ಷದ ಹಿಂದೆ ಹಿಮಯುಗ ಉಚ್ಛ್ರಾಯದಲ್ಲಿದ್ದಾಗ ಐಸ್‌ಲ್ಯಾಂಡ್ ಹೆಚ್ಚುಕಡಿಮೆ ಇಡಿಯಾಗಿ ದಪ್ಪ ಮಂಜುಗಡ್ಡೆಯ ಕೆಳಗಿತ್ತು. ಅದಕ್ಕೆ ಮೊದಲು ಅಲ್ಲಿ ಏನಿತ್ತೋ, ಮೇಲಿನದೆಲ್ಲ ಒರೆಸಿಹೋಯಿತು. ಮಂಜು ಕರಗಿದ ಮೇಲೆ ಲೆಕ್ಕ ಸೊನ್ನೆಯಿಂದ ಶುರು.

ಎರಡು, ಮನೆ ಊರಾಚೆ ಇತ್ತು. ಹತ್ತಿರದ ಗ್ರೀನ್‌ಲ್ಯಾಂಡ್ ಮುನ್ನೂರು ಕಿ.ಮೀ. ಆಸುಪಾಸು, ಅದೂ ಮಂಜಿನ ನಾಡು. ಪ್ರಾಣಿ ಸಮೃದ್ಧಿ ಇರುವ ಸ್ಕಾಟ್ಲೆಂಡ್ ಸುಮಾರು 800 ಕಿ.ಮೀ., ನಾರ್ವೆ ಇನ್ನೂ ದೂರ. ಹಿಮಯುಗ ಮುಗಿದಾಗ ಬ್ರಿಟನ್ ಕೂಡ ಬರಿದಾಗಿತ್ತು, ಆದರೆ ಆಗ ಅದು ಯೂರೋಪಿಗೆ ನೆಲದಿಂದಲೇ ಅಂಟಿಕೊಂಡಿತ್ತು. ಹಾವು, ಕಪ್ಪೆ, ಜಿಂಕೆ ನಡೆದುಕೊಂಡೇ ಒಳಗೆ ಬಂದವು. ಐರ್ಲೆಂಡ್‌ಗೆ ಹೋಗುವಷ್ಟರಲ್ಲಿ ಸಮುದ್ರ ಅಡ್ಡ ಬಂತು, ಹಾಗಾಗಿ ಅಲ್ಲಿಗೆ ಹಾವು ತಲುಪಲಿಲ್ಲ. ಐಸ್‌ಲ್ಯಾಂಡ್‌ಗೆ ನೆಲದ ದಾರಿಯೇ ಇರಲಿಲ್ಲ.

ಹೀಗೆ ಯೋಚಿಸಿ. ಜಾತ್ರೆ ನಡೆಯುವ ಊರಿಗೆ ಬಸ್ಸಿದ್ದರೆ ಎಲ್ಲರೂ ಬರುತ್ತಾರೆ. ಬಸ್ಸು ನಿಂತುಹೋಗಿ ತೆಪ್ಪದಲ್ಲಿ ಮಾತ್ರ ಹೋಗಬಹುದು ಅಂದರೆ ಈಜು ಬಲ್ಲವರು, ಧೈರ್ಯ ಇದ್ದವರು ಅಷ್ಟೇ ಬರುತ್ತಾರೆ. ಕಪ್ಪೆಯ ತೆಳು ಚರ್ಮಕ್ಕೆ ಉಪ್ಪುನೀರು ಆಗುವುದಿಲ್ಲ, ಅದು ಔಟ್. ಹಾವು, ಹಲ್ಲಿಗೆ ಬಿಸಿಲು ಕಾಯದೆ ಮೈ ನಡೆಯುವುದಿಲ್ಲ, ಇಷ್ಟು ತಣ್ಣನೆಯ ಸಮುದ್ರ ಅವುಗಳಿಂದ ದಾಟಲಾಗದು.

ಇದಕ್ಕೆ ಒಳ್ಳೆಯ ಸಾಕ್ಷಿ ಅಲ್ಲಿನ ಸಿಹಿನೀರಿನ ಮೀನುಗಳು. ಬೇರೆ ದೇಶದಲ್ಲಾದರೆ ಹತ್ತಾರು ಬಗೆ, ಇಲ್ಲಿ ಮೊದಲಿನಿಂದ ಇದ್ದದ್ದು ಐದು: ಸಾಲ್ಮನ್, ಟ್ರೌಟ್, ಚಾರ್, ಹಾವುಮೀನು ಮತ್ತು ಬೆನ್ನಿಗೆ ಮುಳ್ಳಿರುವ ಸ್ಟಿಕಲ್‌ಬ್ಯಾಕ್ ಅನ್ನುವ ಬೆರಳುದ್ದದ ಮೀನು. ಐದಕ್ಕೂ ಒಂದು ಸಾಮಾನ್ಯ ಗುಣ ಇದೆ. ಎಲ್ಲವೂ ಉಪ್ಪುನೀರಲ್ಲೂ ಬದುಕಬಲ್ಲವು. ಬರೀ ಸಿಹಿನೀರೇ ಬೇಕು ಅನ್ನುವ ಒಂದೇ ಒಂದು ಮೀನೂ ಆ ಪಟ್ಟಿಯಲ್ಲಿಲ್ಲ!

ಇದರ ಜೊತೆ ಮನುಷ್ಯರು ಬಂದ ಮೇಲೆ ಬರ್ಚ್ ಕಾಡನ್ನು ಕಡಿದದ್ದು, ಕುರಿ ಮೇಯಿಸಿದ್ದು ಸೇರಿತು. ಮೊದಲು ದೇಶದ ಕಾಲು ಭಾಗದಷ್ಟಾದರೂ ಕಾಡಿತ್ತು ಅನ್ನುವುದು ಅಂದಾಜು. ಕಾಡು ಹೋದರೆ ಕಾಡಿನ ಹುಳ, ಹಕ್ಕಿಗೂ ಜಾಗ ಕಡಿಮೆ.

ಸುರ್ಟ್ಸೆ: ಕಣ್ಣೆದುರಿಗೇ ಹುಟ್ಟಿದ ದ್ವೀಪ

ಖಾಲಿ ನೆಲಕ್ಕೆ ಜೀವ ಹೇಗೆ ಬರುತ್ತದೆ ಅಂತ ಸುಮ್ನೆ ಊಹಿಸಿಕೊಂಡು ಕೂರಬೇಕಿಲ್ಲ. 1963ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡ್‌ನ ದಕ್ಷಿಣಕ್ಕೆ ಸಮುದ್ರದೊಳಗೇ ಜ್ವಾಲಾಮುಖಿ ಎದ್ದಿತು. 1967ರ ಜೂನ್‌ವರೆಗೆ ಉಕ್ಕಿತು. ಬೂದಿ, ಲಾವಾ ಸೇರಿ ಹೊಚ್ಚ ಹೊಸ ದ್ವೀಪವೇ ಆಯಿತು. ಅದೇ ಸುರ್ಟ್ಸೆ. ವಿಜ್ಞಾನಿಗಳು ಮಾಡಿದ ಜಾಣತನ ಅಂದರೆ, ಬೇರೆ ಯಾರನ್ನೂ ಕಾಲಿಡಲು ಬಿಡಲಿಲ್ಲ. ಇವತ್ತಿಗೂ ಬಿಡುವುದಿಲ್ಲ.

ಅವರು ನೋಡಿದ್ದೇನು? ಇನ್ನೂ ಜ್ವಾಲಾಮುಖಿ ಉಗುಳುತ್ತಿರುವಾಗಲೇ, 1964ರಲ್ಲೇ, ಮೊದಲ ಹುಳ ಸಿಕ್ಕಿತು. ಗಾಳಿಗೆ ಹಾರಿಬಂದ ಪುಟ್ಟ ನೊರಜು. ಜೇಡಗಳು ನೂಲು ಬಿಟ್ಟುಕೊಂಡು ಗಾಳಿಪಟದ ಹಾಗೆ ತೇಲಿ ಬಂದವು. ಕೆಲವು ಬೀಜ ಅಲೆಯ ಮೇಲೆ ಬಂದವು, ಇನ್ನು ಕೆಲವು ಹಕ್ಕಿಯ ಹೊಟ್ಟೆಯಲ್ಲಿ. ಆದರೂ ಬಹಳ ದಿನ ದ್ವೀಪ ಬೋಳಾಗಿಯೇ ಇತ್ತು. 1980ರ ದಶಕದಲ್ಲಿ ಕಡಲಕ್ಕಿಗಳು ಗುಂಪಾಗಿ ಗೂಡು ಕಟ್ಟಿದ ಮೇಲೆ ಚಿತ್ರ ಬದಲಾಯಿತು. ಹಿಕ್ಕೆ ಬಿತ್ತು, ಅಂದರೆ ಗೊಬ್ಬರ ಬಿತ್ತು. ಹುಲ್ಲು ಹಬ್ಬಿತು, ಹುಲ್ಲಿಗೆ ಹುಳ ಬಂತು, ಹುಳಕ್ಕೆ ಬೇರೆ ಹಕ್ಕಿ ಬಂದವು.

ನಡುವೆ ಒಂದು ತಮಾಷೆ. ಒಮ್ಮೆ ಲಾವಾ ನಡುವೆ ಟೊಮೆಟೊ ಗಿಡ ಎದ್ದಿತ್ತು. ಟೊಮೆಟೊ ಹೇಗೆ ಸಮುದ್ರ ದಾಟಿತು ಅಂತ ನೋಡಿದರೆ, ಅಲ್ಲಿಗೆ ಬಂದಿದ್ದ ಮನುಷ್ಯರಲ್ಲೇ ಯಾರೋ ಬಂಡೆಯ ಮರೆಯಲ್ಲಿ ಕೂತು ಹೊಟ್ಟೆ ಹಗುರ ಮಾಡಿಕೊಂಡಿದ್ದರು. ಗಿಡ ಕಿತ್ತು ಹಾಕಿದರು.

ಐಸ್‌ಲ್ಯಾಂಡ್‌ನಲ್ಲಿ ಹತ್ತು ಸಾವಿರ ವರ್ಷದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಇವತ್ತಿಗೂ ಅಲ್ಲಿ ಇರುವ ಕೀಟದ ಪ್ರಭೇದಗಳು ಸಾವಿರ ಚಿಲ್ಲರೆ, ಅಷ್ಟೇ.

ಹಾರುವವರಿಗೆ, ಈಜುವವರಿಗೆ ಬಾಗಿಲು ತೆರೆದೇ ಇದೆ

ಇಷ್ಟೆಲ್ಲ ಓದಿ ಅದೊಂದು ಬಿಕೋ ಅನ್ನುವ ದೇಶ ಅಂದುಕೊಂಡರೆ ತಪ್ಪು. ಬಗೆ ಕಡಿಮೆ ಅಂದರೆ ಸಂಖ್ಯೆಯೂ ಕಡಿಮೆ ಅಂತಲ್ಲ. ಇದನ್ನು ಬೇರೆಮಾಡಿ ನೋಡಬೇಕು. ಮದುವೆ ಊಟದಲ್ಲಿ ಐದೇ ಬಗೆ ಅಡುಗೆ ಇದ್ದು, ಒಂದೊಂದೂ ಕೊಪ್ಪರಿಗೆಗಟ್ಟಲೆ ಇದ್ದ ಹಾಗೆ.

ನಿಯಮಿತವಾಗಿ ಗೂಡು ಕಟ್ಟುವ ಹಕ್ಕಿಗಳು ಸುಮಾರು 75 ಬಗೆ. ಆದರೆ ಪಫಿನ್ ಹಕ್ಕಿಯನ್ನೇ ತೆಗೆದುಕೊಳ್ಳಿ. ಕಪ್ಪು ಕೋಟು, ಬಣ್ಣದ ಕೊಕ್ಕು, ಸ್ವಲ್ಪ ಕೋಡಂಗಿ ಮುಖ. ಪ್ರಪಂಚದ ಅಟ್ಲಾಂಟಿಕ್ ಪಫಿನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐಸ್‌ಲ್ಯಾಂಡ್‌ನಲ್ಲೇ ಗೂಡು ಮಾಡುತ್ತವೆ, ಲೆಕ್ಕ ಲಕ್ಷಗಳಲ್ಲಿ. ವೆಸ್ಟ್‌ಮನ್ ದ್ವೀಪಗಳಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ಮರಿಗಳು ರಾತ್ರಿ ಬಿಲದಿಂದ ಹೊರಟು ಸಮುದ್ರದ ಕಡೆ ಹಾರಬೇಕು, ಆದರೆ ಎಷ್ಟೋ ಮರಿಗಳು ಬೀದಿದೀಪ ನೋಡಿ ದಾರಿ ತಪ್ಪಿ ಊರೊಳಗೆ ಬೀಳುತ್ತವೆ. ಅಲ್ಲಿನ ಮಕ್ಕಳು ಟಾರ್ಚು, ರಟ್ಟಿನ ಪೆಟ್ಟಿಗೆ ಹಿಡಿದು ರಾತ್ರಿಯೆಲ್ಲ ಅಲೆದು ಅವನ್ನು ಎತ್ತಿಕೊಂಡು ಹೋಗಿ, ಬೆಳಿಗ್ಗೆ ಬಂಡೆಯ ತುದಿಯಿಂದ ಸಮುದ್ರದ ಕಡೆಗೆ ಮೇಲಕ್ಕೆ ತೂರುತ್ತಾರೆ. ಅದೇ ಅವುಗಳ ಮೊದಲ ಹಾರಾಟ.

ಯುಗಾದಿ ಹೊತ್ತಿಗೆ ನಮಗೆ ಕೋಗಿಲೆ ಹೇಗೋ ಹಾಗೆ ಅವರಿಗೆ ಲೋವಾ, ಅಂದರೆ ಗೋಲ್ಡನ್ ಪ್ಲೋವರ್. ಮಾರ್ಚ್ ಕೊನೆಯ ಹೊತ್ತಿಗೆ ಮೊದಲ ಲೋವಾ ಕಂಡಿತು ಅಂತ ಸುದ್ದಿಯೇ ಬರುತ್ತದೆ, ಚಳಿಗಾಲ ಮುಗಿಯಿತು ಅಂತ ಲೆಕ್ಕ. ಕ್ರೀಯಾ ಅನ್ನುವ ಇನ್ನೊಂದು ಹಕ್ಕಿಯಂತೂ ಭೂಮಿಯ ಎರಡೂ ತುದಿ ಮುಟ್ಟುತ್ತದೆ. ಬೇಸಿಗೆ ಇಲ್ಲಿ ಕಳೆದು ಅಂಟಾರ್ಕ್ಟಿಕಾ ಕಡೆ ಹೋಗಿ ವಾಪಸು ಬರುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್‌ನ ಹಕ್ಕಿಗಳಿಗೆ ಪುಟ್ಟ ಉಪಕರಣ ಕಟ್ಟಿ ನೋಡಿದಾಗ ವರ್ಷಕ್ಕೆ ಸರಾಸರಿ 70,000 ಕಿ.ಮೀ. ಮೇಲೆ ಹಾರುವುದು ಗೊತ್ತಾಯಿತು.

ಉತ್ತರದ ಮೀವತ್ನ್ ಕೆರೆಗೆ ಆ ಹೆಸರು ಬಂದದ್ದೇ ನೊರಜಿನಿಂದ. ಮೀ ಅಂದರೆ ನೊರಜು, ವತ್ನ್ ಅಂದರೆ ನೀರು, ಕೆರೆ. ಬೇಸಿಗೆಯಲ್ಲಿ ನೊರಜಿನ ಹಿಂಡು ಹೊಗೆಯ ಕಂಬದ ಹಾಗೆ ಏಳುತ್ತದೆ. ಅದನ್ನೂ ಅದರ ಮರಿಹುಳವನ್ನೂ ತಿನ್ನಲು ಬಾತುಕೋಳಿಗಳ ಜಾತ್ರೆ. ಅವುಗಳಲ್ಲಿ ಬ್ಯಾರೋಸ್ ಗೋಲ್ಡನ್‌ಐ ಅನ್ನುವ ಬಾತು ಮೂಲತಃ ಅಮೆರಿಕದ ಕಡೆಯದು. ಯೂರೋಪಿನಲ್ಲಿ ಅದು ಗೂಡು ಕಟ್ಟುವುದು ಐಸ್‌ಲ್ಯಾಂಡ್‌ನಲ್ಲಿ ಮಾತ್ರ. ಎರಡು ಖಂಡದ ನಡುವೆ ಕೂತಿರುವುದರ ಲಾಭ ಇದು.

ಸಮುದ್ರದ್ದು ಇನ್ನೊಂದೇ ಲೋಕ. ದಕ್ಷಿಣದಿಂದ ಬೆಚ್ಚಗಿನ ಪ್ರವಾಹ, ಉತ್ತರದಿಂದ ತಣ್ಣನೆಯದು, ಎರಡೂ ಐಸ್‌ಲ್ಯಾಂಡ್‌ನ ಸುತ್ತ ಸೇರುತ್ತವೆ. ನೀರು ಕಲಕಿದಂತಾಗಿ ತಳದ ಸತ್ವ ಮೇಲೆ ಬರುತ್ತದೆ, ಬೇಸಿಗೆಯ ಹಗಲೋ ಮುಗಿಯುವುದೇ ಇಲ್ಲ. ಕಣ್ಣಿಗೆ ಕಾಣದ ತೇಲುಸಸ್ಯ ಹುಲುಸಾಗುತ್ತವೆ, ಅದನ್ನು ತಿನ್ನಲು ಪುಟಾಣಿ ಜೀವಿಗಳು, ಅವನ್ನು ತಿನ್ನಲು ಕ್ಯಾಪೆಲಿನ್, ಹೆರಿಂಗ್ ಅನ್ನುವ ಸಣ್ಣ ಮೀನುಗಳು, ಅವುಗಳ ಹಿಂದೆ ಕಾಡ್ ಮೀನು, ಕೊನೆಗೆ ತಿಮಿಂಗಿಲ. ಇಪ್ಪತ್ತಕ್ಕೂ ಹೆಚ್ಚು ಬಗೆಯ ತಿಮಿಂಗಿಲ, ಡಾಲ್ಫಿನ್‌ಗಳು ಆ ನೀರಿನಲ್ಲಿ ಕಂಡಿವೆ. ಉತ್ತರದ ಹೂಸವೀಕ್ ಊರಿನಿಂದ ದೋಣಿಯಲ್ಲಿ ಹೋದವರಿಗೆ ಅದೃಷ್ಟ ಇದ್ದರೆ ನೀಲಿ ತಿಮಿಂಗಿಲವೇ ಸಿಗುತ್ತದೆ.

ಒಂದೇ ಮೀನು, ನಾಲ್ಕು ವೇಷ

ಈಗ ಆಗಲೇ ಬಾಕಿ ಇಟ್ಟ ಕತೆ. ಕೆಲವೇ ಪ್ರಭೇದ ಇರುವ ಕಡೆ ಜಾಗ ಖಾಲಿ ಬಿದ್ದಿರುತ್ತದೆ. ಆಗ ಇರುವ ಪ್ರಾಣಿಯೇ ಬೇರೆ ಬೇರೆ ಕೆಲಸ ಹಿಡಿಯುತ್ತದೆ. ಊರಲ್ಲಿ ಒಂದೇ ಕುಟುಂಬ ಇದ್ದು, ಒಬ್ಬ ಅಂಗಡಿ, ಒಬ್ಬ ಗದ್ದೆ, ಒಬ್ಬ ಗಿರಣಿ ನೋಡಿಕೊಂಡ ಹಾಗೆ.

ಥಿಂಗ್‌ವಲ್ಲವತ್ನ್ ಕೆರೆಯ ಚಾರ್ ಮೀನು ಇದಕ್ಕೆ ಪ್ರಸಿದ್ಧ ಉದಾಹರಣೆ. ಪ್ರಭೇದ ಒಂದೇ, ವೇಷ ನಾಲ್ಕು. ಒಂದು ದೊಡ್ಡದು, ತಳದಲ್ಲಿ ಬಸವನಹುಳ ಹೆಕ್ಕುತ್ತದೆ, ಬಾಯಿ ಕೆಳಮುಖ. ಒಂದು ಕುಳ್ಳು, ಲಾವಾ ಸಂದಿಯಲ್ಲಿ ವಾಸ. ಒಂದು ನಡುನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ನಾಲ್ಕನೆಯದು ಬೇರೆ ಮೀನುಗಳನ್ನೇ ತಿನ್ನುತ್ತದೆ. ಅಕ್ಕಪಕ್ಕ ಇಟ್ಟರೆ ಬೇರೆ ಬೇರೆ ಮೀನು ಅಂತಲೇ ಅನಿಸುತ್ತವೆ. ಇಷ್ಟು ಬದಲಾವಣೆಗೆ ಹಿಡಿದದ್ದು ಹಿಮಯುಗ ಮುಗಿದ ನಂತರದ ಹತ್ತು ಸಾವಿರ ವರ್ಷ. ವಿಕಾಸದ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ.

ಇನ್ನೂ ವಿಚಿತ್ರದ್ದು ನೆಲದಡಿಯ ನೀರಿನಲ್ಲಿದೆ. ಲಾವಾ ಬಿರುಕುಗಳ ಒಳಗೆ, ಕತ್ತಲಲ್ಲಿ, ಸಿಗಡಿಯ ದೂರದ ನೆಂಟರಂಥ ಎರಡು ಬಗೆಯ ಪುಟ್ಟ ಜೀವಿಗಳು 2000ದ ದಶಕದಲ್ಲಿ ಬೆಳಕಿಗೆ ಬಂದವು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮೇಲೆ ಮಂಜುಗಡ್ಡೆ ಎಲ್ಲವನ್ನೂ ಅಳಿಸುತ್ತಿದ್ದಾಗ ಜ್ವಾಲಾಮುಖಿ ನೆಲದ ಬಿಸಿಯಿಂದ ಕರಗಿದ ನೀರಿನಲ್ಲಿ ಇವು ಬದುಕಿ ಉಳಿದವು ಅನ್ನುವುದು ವಿಜ್ಞಾನಿಗಳ ವಾದ. ಹಾಗಿದ್ದರೆ ದೇಶದ ಅತ್ಯಂತ ಹಳೆಯ ನಿವಾಸಿ ನರಿಯಲ್ಲ, ಕಣ್ಣಿಗೆ ಬೀಳದ ಈ ಹುಳ.

ಸೊಳ್ಳೆ ಈಗ ಯಾಕೆ ಬಂತು?

ಮೊದಲು ಯಾಕೆ ನಿಲ್ಲಲಿಲ್ಲ ಅನ್ನುವುದಕ್ಕೆ ಹಳೆಯ ವಿವರಣೆ ಇದು. ಐಸ್‌ಲ್ಯಾಂಡ್‌ನಲ್ಲಿ ನೀರು ಒಮ್ಮೆ ಹೆಪ್ಪುಗಟ್ಟಿ ವಸಂತದವರೆಗೆ ಹಾಗೇ ಇರುವುದಿಲ್ಲ. ಸಮುದ್ರದ ಗಾಳಿಗೆ ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ನೀರಲ್ಲಿರುವ ಸೊಳ್ಳೆಯ ಕೋಶ, ಅಂದರೆ ಮರಿಹುಳ ಸೊಳ್ಳೆಯಾಗುವ ಮುಂಚಿನ ಹಂತ, ಬೆಚ್ಚಗಾಯಿತು ಅಂತ ಏಳುವಷ್ಟರಲ್ಲಿ ಮತ್ತೆ ಚಳಿ ಹೊಡೆಯುತ್ತದೆ. ಇದೇ ಕಾರಣಕ್ಕೆ ಉತ್ತರ ನಾರ್ವೆಯ ಒಂದೇ ಸಮನೆ ಚಳಿಯನ್ನು ತಾಳುವ ಸೊಳ್ಳೆ ಇಲ್ಲಿ ತಾಳುವುದಿಲ್ಲ ಅಂತ.

ಈಗ ಸಿಕ್ಕಿದ ಕ್ಯುಲಿಸೆಟಾ ಅನ್ಯುಲಾಟಾ ಬೇರೆ ಉಪಾಯದ್ದು. ಇದು ಚಳಿಗಾಲವನ್ನು ಬೆಳೆದ ಸೊಳ್ಳೆಯಾಗಿಯೇ ಕಳೆಯುತ್ತದೆ, ನೆಲಮಾಳಿಗೆ, ಕೊಟ್ಟಿಗೆ ಅಂಥ ಜಾಗದಲ್ಲಿ ಗೋಡೆಗೆ ಅಂಟಿ ಕೂತು. ಹಡಗಿನ ಸರಕಿನ ಜೊತೆ ಬಂದಿರಬಹುದು ಅನ್ನುವುದು ಊಹೆ. ಆ ವರ್ಷ ಮೇ ತಿಂಗಳಲ್ಲೇ ಪೂರ್ವದ ಎಗಿಲ್ಸ್‌ಸ್ಟಾದಿರ್‌ನಲ್ಲಿ 26.6 ಡಿಗ್ರಿ ದಾಖಲಾಗಿತ್ತು, ಮೇ ತಿಂಗಳಿಗೆ ಅದು ಅಲ್ಲಿಯ ದಾಖಲೆ. ಬೆಂಗಳೂರಿನವರಿಗೆ ನಗು ಬರಬಹುದು. ಆದರೆ ಈ ಸೊಳ್ಳೆ ಬದುಕಲು ಬಿಸಿಯೇ ಬೇಕು ಅಂತಿಲ್ಲ, ಮೊದಲಿನಿಂದಲೂ ಇದು ಚಳಿದೇಶದ್ದೇ. ಹಾಗಾಗಿ ಪೂರ್ತಿ ತಪ್ಪನ್ನು ಹವಾಮಾನದ ತಲೆಗೆ ಕಟ್ಟುವುದು ಅವಸರವಾದೀತು. ದಾರಿ ಮಾಡಿಕೊಟ್ಟದ್ದು ಹಡಗೇ ಇರಬಹುದು, ವೈಕಿಂಗರ ಕಾಲದ ಇಲಿಗೆ ಆದ ಹಾಗೆಯೇ. ಕಚ್ಚುತ್ತದೆ, ಆದರೆ ಅಲ್ಲಿ ಇದರಿಂದ ರೋಗದ ಭಯ ಇಲ್ಲ.

ಅಂದ ಹಾಗೆ, ಕಚ್ಚುವ ಹುಳ ಕ್ಯೋಸ್‌ನವರಿಗೆ ಇದೇ ಮೊದಲೇನಲ್ಲ. ಸೊಳ್ಳೆ ಸಿಗುವುದಕ್ಕೆ ಹತ್ತು ವರ್ಷ ಮೊದಲು, 2015ರ ಬೇಸಿಗೆಯಲ್ಲಿ, ಅದೇ ಸುತ್ತಮುತ್ತಲಿನ ಬೇಸಿಗೆ ಮನೆಗಳಿಗೆ ಹೋದವರು ಬೆಳಿಗ್ಗೆ ಏಳುವಾಗ ಮೈತುಂಬ ಕೆಂಪು ಗಂದೆ. ತಿಗಣೆ ಅಂತ ಹಾಸಿಗೆ ಕೊಡವಿ ನೋಡಿದವರೂ ಇದ್ದರಂತೆ. ಕೊನೆಗೆ ನೋಡಿದರೆ ಲೂಸ್‌ಮೀ ಅನ್ನುವ, ಸಾಸಿವೆಗಿಂತ ಚಿಕ್ಕ, ರಕ್ತ ಹೀರುವ ನೊರಜು. ಆಗಿನಿಂದ ಅದು ದೇಶದ ದಕ್ಷಿಣಕ್ಕೂ ಉತ್ತರಕ್ಕೂ ಹರಡಿದೆ, ಜೂನ್ ಬಂದರೆ ಜನ ಮಲಗುವ ಕೋಣೆಯಲ್ಲಿ ಫ್ಯಾನ್ ಹಾಕಿಕೊಳ್ಳುತ್ತಾರೆ. ಸೆಕೆಗಲ್ಲ, ಆ ಗಾಳಿಗೆ ಅದಕ್ಕೆ ಹಾರಲಾಗುವುದಿಲ್ಲ ಅಂತ.